ಬೀಗದ ಕೀ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲಿಸ್‌ಗೆ ಕಾರಿನಲ್ಲಿ ಸುಮಾರು 610 ಕಿ.ಮೀ. ನನಗೆ ಸಕ್ಕರೆ ಕಾಯಿಲೆ, ಹೊರಡುವಾಗಲೇ ಶೌಚಾಲಯದ್ದೇ ಚಿಂತೆ. ಆದರೆ ಇಂಟರ್‌ಸ್ಟೇಟ್ 5 ಹೆದ್ದಾರಿಯಲ್ಲಿ ಅಲ್ಲಲ್ಲಿ ಸರ್ಕಾರದ್ದೇ ವಿಶ್ರಾಂತಿ ತಾಣಗಳಿವೆ. ಶೌಚಾಲಯ, ಕುಡಿಯುವ ನೀರು, ಕೂರಲು ಮೇಜು ಬೆಂಚು. ಯಾರೂ ದುಡ್ಡು ಕೇಳಲಿಲ್ಲ. ಅಲ್ಲೇ ಕೂತು ಚಪಾತಿ, ಚಟ್ನಿಪುಡಿ ತಿಂದೆವು. (ಮೊಸರನ್ನದ ಡಬ್ಬಿಯನ್ನು ಅಳಿಯ ಮನೆಯಲ್ಲೇ ಮರೆತಿದ್ದರು!)

ವಾಪಸ್ ಬಂದು ಬೆಂಗಳೂರಿನಿಂದ ದಾವಣಗೆರೆಗೆ ಹೊರಟೆ. ಟೋಲ್ ಕಟ್ಟಿದ್ದೇ ಕಟ್ಟಿದ್ದು. ಒಂದು ಕಡೆ ಶೌಚಾಲಯಕ್ಕೆ ಬೀಗ, ಇನ್ನೊಂದು ಕಡೆ ನೀರಿಲ್ಲ. ಊರು ಬರುವವರೆಗೂ ಬಾಯಿಗೆ ಹನಿ ನೀರು ಹಾಕಲಿಲ್ಲ. ಟೋಲ್ ದುಡ್ಡಲ್ಲಿ ಇದೂ ಸೇರಿದೆ ಅಲ್ವಾ? ಬೀಗದ ಕೀ ಯಾರ ಹತ್ತಿರ ಇದೆ ಅಂತ ಒಂದು ಬೋರ್ಡಾದರೂ ಹಾಕಿಸಲಿ.

— ನಿವೃತ್ತ ಶಿಕ್ಷಕಿ, ದಾವಣಗೆರೆ