ಶಿಡ್ಲಘಟ್ಟದ ನನ್ನ ಸಹೋದ್ಯೋಗಿಗಳಿಗೆ ವಂದನೆಗಳು

ಟೆರಿಟೋರಿಯಲ್ ಆರ್ಮಿಯ ಕರೆಗೆ ಓಗೊಟ್ಟು ಗಡಿಗೆ ಹೋಗಿದ್ದ ನಾನು ಕಳೆದ ವಾರ ಕ್ಷೇಮವಾಗಿ ಊರಿಗೆ ಮರಳಿದ್ದೇನೆ. ನಮ್ಮ ರೇಷ್ಮೆ ನೂಲು ಬಿಚ್ಚಣಿಕೆ ಘಟಕದ ಎಲ್ಲರಿಗೂ ಎದುರು ನಿಂತು ಹೇಳಲು ಹೊರಟರೆ ಮಾತು ಮುಗಿಯುವ ಮೊದಲೇ ಗಂಟಲು ಕಟ್ಟುತ್ತದೆಂದು ಗೊತ್ತಿರುವುದರಿಂದ ಬರವಣಿಗೆಯಲ್ಲೇ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ನೌಕರಿಯಲ್ಲಿದ್ದುಕೊಂಡೇ ಸೇನಾ ತರಬೇತಿ ಪಡೆಯುವ ನಮ್ಮಂಥವರನ್ನು ಅಗತ್ಯ ಬಿದ್ದಾಗ ಪೂರ್ಣಾವಧಿ ಸೇವೆಗೆ ಕರೆಯುವ ಈ ವ್ಯವಸ್ಥೆ 1949ರಿಂದಲೂ ಇದೆ. 2025ರ ಮೇ 6ರ ಅಧಿಸೂಚನೆಯ ಬಳಿಕ ನಮ್ಮ ತುಕಡಿಗೂ ಕರೆ ಬಂತು. ಮೇ 10ರಂದು ಪಾಕಿಸ್ತಾನದೊಂದಿಗೆ ಕದನ ವಿರಾಮ ಘೋಷಣೆಯಾದ ಮೇಲೆ ಟಿ.ವಿ.ಯವರು ಬೇರೆ ಸುದ್ದಿ ಹಿಡಿದರು, ನಾವು ಕಾವಲಿನಲ್ಲೇ ಉಳಿದೆವು. ಮೊದಮೊದಲು ಎಡೆಬಿಡದೆ ಬರುತ್ತಿದ್ದ ಜೈಹಿಂದ್ ಸಂದೇಶಗಳು ಕ್ರಮೇಣ ನಿಂತುಹೋದವು. ಬಿಡುಗಡೆ ಯಾವಾಗ ಎಂಬ ಪ್ರಶ್ನೆಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಗುಂಡಿನ ಸದ್ದಿಗಿಂತ ಆ ಕಾಯುವಿಕೆಯೇ ನನ್ನನ್ನು ಹೆಚ್ಚು ಹಣ್ಣುಮಾಡಿತು.

ನೀವು ಕೈಬಿಡದೆ ಇದ್ದದ್ದು ಆಗ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ನಡೆಯುವುದಿಲ್ಲವೆಂದು ತಿಳಿದ ಕೂಡಲೇ ಲೆಕ್ಕ ಬರೆಯುವ ಅಣ್ಣ ಇನ್‌ಲ್ಯಾಂಡ್ ಪತ್ರಗಳನ್ನು ಕೊಂಡು ತಂದರಂತೆ. ಸೈನಿಕ ಸಂಖ್ಯೆ, ಹುದ್ದೆ, ಹೆಸರು, ತುಕಡಿ, ಕೊನೆಗೆ 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಎಂದಷ್ಟೇ ಬರೆದು ಊರಿನ ಹೆಸರೇ ಇಲ್ಲದೆ ಅಂಚೆಗೆ ಹಾಕಿದ ಆ ಪತ್ರಗಳು ಒಮ್ಮೆ ತಡವಾಗಿ, ಒಮ್ಮೆ ಮೂರ್ನಾಲ್ಕು ಒಟ್ಟಿಗೆ ಬಂದು ತಲುಪುತ್ತಿದ್ದವು. ಅವುಗಳಲ್ಲಿ ಧೈರ್ಯದ ಉಪದೇಶ ಒಂದು ಸಾಲೂ ಇರಲಿಲ್ಲ. ಅಂದಿನ ಹರಾಜಿನಲ್ಲಿ ಮಿಶ್ರತಳಿ ರೇಷ್ಮೆಗೂಡಿಗೆ ಎಷ್ಟು, ಬೈವೋಲ್ಟೀನ್ ತಳಿಯ ಗೂಡಿಗೆ ಎಷ್ಟು, ಮಳೆಯ ತೇವಕ್ಕೆ ಗೂಡು ಸಲೀಸಾಗಿ ಬಿಚ್ಚದೆ ಎಳೆ ಹೇಗೆ ಪದೇ ಪದೇ ತುಂಡಾಗುತ್ತಿದೆ, ಬಾಯ್ಲರ್ ಮತ್ತೆ ಹೇಗೆ ಕೈಕೊಟ್ಟಿತು, ನನ್ನ ಸ್ಟೂಲನ್ನು ಯಾವ ಬೆಕ್ಕು ಆಕ್ರಮಿಸಿಕೊಂಡಿದೆ ಎಂಬುದೇ ಎಲ್ಲ. ಬಂಕರಿನಲ್ಲಿ ಟಾರ್ಚು ಹಿಡಿದು ಗೂಡಿನ ದರ ಓದುವವನನ್ನು ಕಂಡು ಹವಾಲ್ದಾರರು ನಕ್ಕರೂ ನನಗೆ ಬೇಕಾಗಿದ್ದದ್ದು ಅದೇ. ನನ್ನ ಜಾಗ ಅಲ್ಲಿ ಹಾಗೇ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸೇವೆಯಿಂದ ಮರಳಿದವನಿಗೆ ಹಳೆಯ ಕೆಲಸ ಕೊಡಬೇಕೆಂದು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯೇ ಹೇಳುತ್ತದೆ, ಮಾಲೀಕರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಆದರೆ ಬಟವಾಡೆಯ ಸಂಜೆ ನಮ್ಮ ಮನೆಗೆ ಹೋಗಿ, ಓದು ಬಾರದ ಅಮ್ಮ ಹೇಳಿದ್ದನ್ನು ಅವಳ ಬೈಗುಳಗಳ ಸಮೇತ ಬರೆದುಕೊಂಡು ಬರುವ ಕೆಲಸವನ್ನು ರೀಲಿಂಗ್ ವಿಭಾಗದ ಅಕ್ಕಂದಿರಿಗೆ ಯಾವ ಕಾಯ್ದೆಯೂ ವಹಿಸಿರಲಿಲ್ಲ. ಅವರಿಗೆ ನಾನು ಋಣಿ.

ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆ. ಒಂದು ಕೋರಿಕೆ ಮಾತ್ರ ಇದೆ. ಚಿಂತಾಮಣಿ ಕಡೆಯ, ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗನೊಬ್ಬ ನನ್ನ ಪತ್ರಗಳನ್ನು ನನಗಿಂತ ಮೊದಲೇ ಓದಿ ದರದ ಬಗ್ಗೆ ಜಗಳ ಕಾಯುತ್ತಿದ್ದ, ಅವನಿಗಿನ್ನೂ ಬಿಡುಗಡೆಯಾಗಿಲ್ಲ. ಲೆಕ್ಕದ ಅಣ್ಣನ ಬಳಿ ಉಳಿದಿರುವ ಇನ್‌ಲ್ಯಾಂಡ್ ಪತ್ರಗಳನ್ನು ದಯವಿಟ್ಟು ಎತ್ತಿಡಬೇಡಿ, ಅವನ ವಿಳಾಸ ನಾನು ತಂದಿದ್ದೇನೆ.