ಮ್ಯುವಾನ್ ಯಂತ್ರ ಇಡುವುದೆಲ್ಲಿ?

ಮಾನ್ಯರೇ,

ಪಿರಮಿಡ್ಡಿನ ಸುದ್ದಿ ಬಂದಾಗಲೆಲ್ಲ ‘ನಮ್ಮ ಕೋಟೆ, ದೇಗುಲಗಳ ನೆಲದಡಿ ಏನಿದೆಯೆಂದು ಮ್ಯುವಾನ್ ಕಣಗಳಿಂದ ನೋಡಬಾರದೇಕೆ’ ಎಂಬ ಪ್ರಶ್ನೆ ಏಳುತ್ತದೆ. ಮ್ಯುವಾನ್‌ಗಳು ಎಲೆಕ್ಟ್ರಾನಿನಂಥವೇ, ಆದರೆ ಅದಕ್ಕಿಂತ ಭಾರದ ಕಣಗಳು; ಬರುವುದು ಆಕಾಶದಿಂದ. ಕಲ್ಲನ್ನೂ ಹಾಯುತ್ತವೆ: ದಪ್ಪ ಕಲ್ಲಿದ್ದ ಕಡೆ ಕಡಿಮೆ, ಟೊಳ್ಳಿದ್ದ ಕಡೆ ಹೆಚ್ಚು ದಾಟಿ ಬರುತ್ತವೆ. ಪತ್ತೆಯಂತ್ರವನ್ನು ವಸ್ತುವಿನ ಕೆಳಗೋ ಓರೆಯಾಗಿ ಪಕ್ಕದಲ್ಲೋ ಇಡಬೇಕು. ಅಂಗಳದಲ್ಲಿಟ್ಟರೆ ಬರಿ ಆಕಾಶ ಕಾಣುತ್ತದೆ. ನೆಲಮಾಳಿಗೆ ನೋಡಲು ಅದಕ್ಕಿಂತ ಆಳಕ್ಕೆ ಅಗೆಯಬೇಕು. ಅಷ್ಟು ಅಗೆದವರಿಗೆ ಮ್ಯುವಾನ್ ಯಾಕೆ?

ಖುಫು ಪಿರಮಿಡ್ಡಿನಲ್ಲಿ ಈ ತೊಡಕಿರಲಿಲ್ಲ. ಒಳಗಿನ ‘ರಾಣಿಯ ಕೋಣೆ’ಯಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಕಣಗಳ ಹಾದಿ ಅಚ್ಚೊತ್ತುವ ಎಮಲ್ಷನ್ ಫಿಲ್ಮು ಹಾಸಿದರು. ಕನಿಷ್ಠ 30 ಮೀಟರ್ ಉದ್ದದ ಟೊಳ್ಳು ಇದೆಯೆಂದು 2017ರಲ್ಲಿ ಪ್ರಕಟವಾಯಿತು. ಒಂದೇ ಕಡೆಯಿಂದ ನೋಡಿದರೆ ದಿಕ್ಕು ತಿಳಿಯುತ್ತದೆ, ದೂರ ತಿಳಿಯದು. ಹಾಗಾಗಿ ಎರಡನೇ ಜಾಗ ಬೇಕೇ ಬೇಕು.

ಇನ್ನು ಕಾಯುವ ಲೆಕ್ಕ. ಬಯಲಿನಲ್ಲಿ ಅಂಗೈಯಷ್ಟಗಲಕ್ಕೆ ನಿಮಿಷಕ್ಕೆ ಸುಮಾರು 100 ಮ್ಯುವಾನ್ ಬೀಳುತ್ತವೆ, ಸರಾಸರಿ ಶಕ್ತಿ 4 ಜಿಇವಿ (ಕಣಗಳ ಶಕ್ತಿಯ ಅಳತೆ). ಒಂದು ಮೀಟರ್ ಕಲ್ಲು ಅರ್ಧ ಜಿಇವಿ ನುಂಗುತ್ತದೆ. 100 ಮೀಟರ್ ದಾಟಲು 50 ಜಿಇವಿಗೂ ಹೆಚ್ಚು ಬೇಕು, ಅಂಥವು ಬೆರಳೆಣಿಕೆಯಷ್ಟು. ಒಂದು ದಿಕ್ಕಿನಲ್ಲಿ 100 ಎಣಿಸಿದರೆ 10 ಹೆಚ್ಚುಕಡಿಮೆ ಸಹಜ. ಅದು ಶೇ 1ಕ್ಕೆ ಇಳಿಯಲು 10,000 ಎಣಿಸಬೇಕು. ತಿಂಗಳುಗಟ್ಟಲೆ ಕಾಯಬೇಕಾಗುವುದು ಇದಕ್ಕೇ.

ಇನ್ನೊಂದು ಬಗೆಯ ಪತ್ತೆಯಂತ್ರದಲ್ಲಿ ಕಣ ಹಾದಾಗ ಮಿನುಗುವ ಸಿಂಟಿಲೇಟರ್ ಪಟ್ಟಿಗಳ ಮೂರು ಪದರಗಳಿರುತ್ತವೆ. ಪಟ್ಟಿಗಳಿಗೆ ಸುತ್ತಿದ ಕಪ್ಪು ಟೇಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ನುಗ್ಗಿ ಸುಳ್ಳು ಎಣಿಕೆ ಬರುತ್ತದೆ. ಮೂರು ಪದರಗಳಲ್ಲೂ ಒಟ್ಟಿಗೆ, ಒಂದೇ ಗೆರೆಯಲ್ಲಿ ಸಿಕ್ಕರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾದಿತಪ್ಪಿ ಬರುವ ಎಲೆಕ್ಟ್ರಾನ್‌ಗಳನ್ನು ತಡೆಯಲು ನಡುವೆ ಸೀಸದ ತಗಡು. ಒಂದು ಸೆಂ.ಮೀ. ಅಗಲದ ಪಟ್ಟಿಗಳು, ಮೊದಲ ಮತ್ತು ಕೊನೆಯ ಪದರಗಳ ನಡುವೆ ಒಂದು ಮೀಟರ್ ಅಂತರ ಎಂದುಕೊಳ್ಳಿ: 50 ಮೀಟರ್ ದೂರದಲ್ಲಿ ಅರ್ಧ ಮೀಟರಿಗಿಂತ ಚಿಕ್ಕದು ಕಾಣುವುದಿಲ್ಲ. ಅದೇ ಯಂತ್ರವನ್ನು ಮೊದಲು ಬಯಲಿನಲ್ಲಿ ನಡೆಸಿ ಎಣಿಕೆ ತೆಗೆದುಕೊಂಡಿರದಿದ್ದರೆ, ಕೆಟ್ಟ ಪಟ್ಟಿಯ ನೆರಳನ್ನೇ ಬಂಡೆಯೆಂದು ಓದುವ ಅಪಾಯ ಬೇರೆ.

ಆಳಕ್ಕೆ ಹೋದಂತೆ ಮ್ಯುವಾನ್ ಎಷ್ಟು ಕುಗ್ಗುತ್ತದೆ ಎಂಬುದನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದಲೇ ಕೋಲಾರದ ಗಣಿಗಳಲ್ಲಿ ಅಳೆದಿದ್ದರು. ಆಸ್ಟ್ರೇಲಿಯಾದ ಗುಥೆಗಾ ಸುರಂಗದೊಳಗೆ 1955ರಲ್ಲಿ ಭೌತವಿಜ್ಞಾನಿ ಇ. ಪಿ. ಜಾರ್ಜ್ ಮೇಲಿನ ಬಂಡೆಯ ಹೊರೆಯನ್ನು ತೂಗಿದ್ದು ಇದೇ ಕುಗ್ಗುವಿಕೆಯಿಂದ. ನಮ್ಮಲ್ಲೂ ಈ ಪ್ರಯೋಗ ಮಾಡುವುದಾದರೆ ಕೋಟೆಗಿಂತ ಮೊದಲು ಘಟ್ಟದ ರೈಲು ಸುರಂಗ, ಅಣೆಕಟ್ಟಿನ ಒಳಗಿನ ಗ್ಯಾಲರಿ ನೋಡಲಿ. ಅಲ್ಲಿ ಯಂತ್ರ ಇಡಲು ಹೊಸದಾಗಿ ಅಗೆಯಬೇಕಿಲ್ಲ.

– ಇಬ್ಬರು ಭೌತಶಾಸ್ತ್ರ ಅಧ್ಯಾಪಕರು, ಕೋಲಾರ