ಕೆಂಡದ ಒಲೆ ಮುಂದೆ ನಿಂತಿದ್ದ ಅಣ್ಣನಿಗೆ

ಕಳೆದ ಭಾನುವಾರ ಸಂಜೆ ಅಪ್ಪನನ್ನು ಮಂಗಳೂರಿನ ಉರ್ವ ಮಾರ್ಕೆಟ್ ಕಡೆಯ ಒಂದು ಸಣ್ಣ ಗ್ರಿಲ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ನಾಲ್ಕೇ ಟೇಬಲ್, ಪ್ಲಾಸ್ಟಿಕ್ ಕುರ್ಚಿ, ಬಾಗಿಲಲ್ಲೇ ಕೆಂಡದ ಒಲೆ. ಹೊರಗೆ ಜೋರು ಮಳೆ. ಅಪ್ಪನಿಗೆ ಸುಟ್ಟ ಬಂಗುಡೆ ಬೇಕಿತ್ತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಹಾಗಾಗಿ ಕೋಳಿ ಹೇಳಿದೆವು.

ಅಪ್ಪ ಹೊಸದಾಗಿ ಹಲ್ಲುಸೆಟ್ ಹಾಕಿಸಿಕೊಂಡಿದ್ದಾರೆ. ಮೊದಲ ತುಂಡು ಅಗಿಯಲು ಆಗದೆ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರು. ಪಕ್ಕದಲ್ಲಿದ್ದ ನಾನೇ ಗಮನಿಸಿರಲಿಲ್ಲ. ನೀವು ಒಲೆ ಹತ್ತಿರದಿಂದ ನೋಡಿದಿರಿ.

"ಅಜ್ಜ, ಸ್ವಲ್ಪ ಕೂತ್ಕೊಳ್ಳಿ, ಮೆತ್ತಗೆ ಮಾಡಿ ಕೊಡ್ತೇನೆ" ಅಂದಿರಿ. ಬೇರೆ ತೊಡೆ ತುಂಡು ತೆಗೆದು, ಬೂದಿ ಮುಚ್ಚಿದ ಕೆಂಡದ ಕಡೆ ಇಟ್ಟಿರಿ. ಕೊಬ್ಬು ಬಿದ್ದು ಉರಿ ಎದ್ದರೆ ಹೊರಗೆ ಕರಟುತ್ತದೆ, ಒಳಗೆ ಬೇಯುವುದಿಲ್ಲ ಅಲ್ವಾ? ಅದಕ್ಕೇ ನೀವು ಒಂಚೂರೂ ಅವಸರ ಮಾಡಲಿಲ್ಲ. ಎಣ್ಣೆ ಸವರುತ್ತಾ, ತಿರುವಿ ಹಾಕುತ್ತಾ ನಿಂತಿರಿ. ಆಮೇಲೆ ಮೂಳೆ ತೆಗೆದು, ಬಿಸಿ ಮಾಂಸವನ್ನು ಬೆರಳಲ್ಲೇ ಎಳೆ ಎಳೆಯಾಗಿ ಬಿಡಿಸಿದಿರಿ. ಬಾಳೆಲೆ ತುಂಡಿನ ಮೇಲೆ ಹಾಕಿ ಲಿಂಬೆ ಹಿಂಡಿದಿರಿ. ನಿಮ್ಮ ಉಗುರಿನ ಸುತ್ತ ಬ್ಯಾಡಗಿ ಮೆಣಸಿನ ಕೆಂಪು ಅಂಟಿತ್ತು.

ಅಪ್ಪ ನೀರ್‌ದೋಸೆ ಜೊತೆ ಅಷ್ಟೂ ತಿಂದರು. ಅವರು ಹಾಗೆ ಊಟ ಮಾಡಿದ್ದು ನೋಡಿ ಎಷ್ಟೋ ದಿನ ಆಗಿತ್ತು. ಜಾಸ್ತಿ ದುಡ್ಡು ಕೊಟ್ಟರೆ ನೀವು ತೆಗೆದುಕೊಳ್ಳಲಿಲ್ಲ. ಹೆಸರು ಕೇಳುವಷ್ಟರಲ್ಲಿ ಪಾರ್ಸೆಲ್‌ಗೆ ಜನ ಮುತ್ತಿಕೊಂಡರು.

ತುಂಬಾ ಥ್ಯಾಂಕ್ಸ್ ಅಣ್ಣ. ಆಗಸ್ಟ್‌ನಲ್ಲಿ ಬಂಗುಡೆ ಬಂದ ಮೇಲೆ ಅಪ್ಪನನ್ನು ಮತ್ತೆ ಕರೆದುಕೊಂಡು ಬರುತ್ತೇನೆ.